ಕೆಂಪು ಮಣ್ಣಿನ ಹನ್ನೊಂದು ಗುಡ್ಡೆ

ಬೇಸಿಗೆ ಬಂದರೆ ಕುಡಿಯುವ ನೀರಿಗೇ ಬಾವಿಯ ತಳ ಕೆರೆಯಬೇಕಾದ ಕಲಬುರಗಿಯಲ್ಲಿ, ಹುಲ್ಲಿಗೆ ನೀರು ಹಾಕುವ ನೌಕರಿ ನನ್ನದಾಗಿತ್ತು. ಈಗ ಹೇಳಿದರೆ ಮೊಮ್ಮಕ್ಕಳು ನಗುತ್ತಾರೆ. ಆಗ ಕಮಲಾಪುರದ ನಮ್ಮ ಮನೆಯವರೂ ನಕ್ಕಿದ್ದರು. ದನ ಮೇಯದ ಹುಲ್ಲು, ಯಾರ ಹೊಟ್ಟೆಗೂ ಬೀಳದ ಹುಲ್ಲು. ಅದನ್ನು ಬೆಳೆಸುವುದು, ಬೆಳೆದ ಕೂಡಲೇ ಕತ್ತರಿಸುವುದು. ಹುಚ್ಚರ ಕೆಲಸ ಅಂತ ಮೊದಲ ತಿಂಗಳು ನನಗೂ ಅನಿಸಿತ್ತು. ಆಮೇಲೆ ಅದೇ ಹುಲ್ಲಿನ ಮೇಲೆ ಎಂಥ ಮೋಹ ಹತ್ತಿತೆಂದರೆ, ಯಾರಾದರೂ ಬೂಟುಗಾಲಲ್ಲಿ ಅಡ್ಡ ಹಾಯ್ದರೆ ನನ್ನ ಮೈ ಉರಿಯುತ್ತಿತ್ತು.

ನಿಜಾಮರ ಕಾಲದಲ್ಲಿ ಒಬ್ಬ ದೊಡ್ಡ ಅಧಿಕಾರಿಗೆಂದು ಕಟ್ಟಿದ ಬಂಗಲೆ ಅದು. ಕಲಬುರಗಿಯ ನೆಲ ಕಪ್ಪು ಎರೆಮಣ್ಣಿನದು. ಬಿಸಿಲಿಗೆ ಬಾಯಿ ಬಿಡುತ್ತದೆ, ಮಳೆಗೆ ಉಬ್ಬುತ್ತದೆ. ಅದರ ಮೇಲೆ ಹುಲ್ಲುಹಾಸು ಸಮನಾಗಿ ನಿಲ್ಲುವುದಿಲ್ಲ. ಹಾಗಾಗಿ ಅಂಗಳದ ತುಂಬ ಒಂದೂವರೆ ಗೇಣು ದಪ್ಪಕ್ಕೆ ನಮ್ಮ ಕಮಲಾಪುರದ ಕೆಂಪು ಮಣ್ಣು ತರಿಸಿ ಹಾಸಿ, ಅದರ ಮೇಲೆ ಕರಿಕೆ ಹುಲ್ಲು ನಾಟಿ ಮಾಡಿಸಿದ್ದರು. ಆ ಮಣ್ಣು ಹೊತ್ತ ಬಂಡಿಗಳಲ್ಲಿ ನಮ್ಮ ಅಪ್ಪನದೂ ಒಂದು. ಕೂಲಿ ಇಲ್ಲ, ಬಿಟ್ಟಿ ಚಾಕರಿ. ಎತ್ತಿನ ಕುತ್ತಿಗೆ ಹುಣ್ಣಾಗಿ ಆ ವರ್ಷ ನಮ್ಮ ಹೊಲ ತಡವಾಗಿ ಬಿತ್ತಿದ್ದನ್ನು ಅಪ್ಪ ಸಾಯುವತನಕ ಹೇಳುತ್ತಿದ್ದ. ಮುಂದೆ ಅದೇ ಅಂಗಳದಲ್ಲಿ ನಾನು ಎರಡನೆಯ ಮಾಲಿಯಾಗಿ ಸೇರಿದೆ.

ಮೊದಲನೆಯ ಮಾಲಿ ಊರೊಳಗಿನ ಗಾಜಿಪುರ ಓಣಿಯವರು. ಅರವತ್ತು ದಾಟಿದ್ದ ಮುಸಲ್ಮಾನ ಮುದುಕರು. ಎಲ್ಲರೂ ಉಸ್ತಾದ ಅನ್ನುತ್ತಿದ್ದರು, ನಾನು ಚಾಚಾ ಅನ್ನುತ್ತಿದ್ದೆ. ಬೆಳಗಿನ ನಮಾಜು ಮುಗಿಸಿ ನಡೆದು ಬಂದು, ಚಪ್ಪಲಿ ಬಿಟ್ಟು, ಬರಿಗಾಲಲ್ಲಿ ಹುಲ್ಲಿನ ಮೇಲೆ ಒಂದು ಸುತ್ತು ಹಾಕುವುದು ಅವರ ರೂಢಿ. ಎಲ್ಲಿ ಕಾಲು ಮೆತ್ತಗೆ ಇಳಿಯಿತೋ ಅಲ್ಲಿ ನಿಂತು, "ಒಳಗ ಯಾರೋ ಬಂದಾರ" ಅನ್ನುತ್ತಿದ್ದರು. ಬಿಲ ತೋಡುವ ಪ್ರಾಣಿಗಳ ವಿಷಯದಲ್ಲಿ ಅವರಿಗಿದ್ದ ಗುರುತು ನಾನು ಇವತ್ತಿನವರೆಗೆ ಯಾರಲ್ಲೂ ಕಂಡಿಲ್ಲ. ಮುಂದೆ ಕೃಷಿ ಇಲಾಖೆಯಲ್ಲಿ, ಪದವಿ ಪಡೆದ ಎಷ್ಟೋ ಮಂದಿಯ ಕೈಕೆಳಗೆ ದುಡಿದೆ. ತೂತು ಕಂಡ ಕೂಡಲೇ ಇಲಿ ಅನ್ನುವವರೇ ಎಲ್ಲರೂ.

ಚಾಚಾನಿಗೆ ಹಾಗೆ ಅಂದರೆ ಸಿಟ್ಟು ಬರುತ್ತಿತ್ತು. "ಇಲಿ ಅಂದ್ರ ಯಾವ ಇಲಿ? ಮನಷ್ಯಾ ಅಂದ್ರ ಯಾವ ಮನಷ್ಯಾ ಅಂತ ಕೇಳಂಗಿಲ್ಲೇನು? ಬಗ್ಗಿ ನೋಡು."

ಬಗ್ಗಿ ನೋಡಲು ಕಲಿತೆ. ಕಿರುಬೆರಳು ಹೋಗುವಷ್ಟು ಸಣ್ಣ, ಮೇಲೆ ಅಗಲ ಕೆಳಗೆ ಚೂಪು ಆಗಿರುವ ಗುಳಿಗಳಿದ್ದರೆ ಅದು ಸುಂಡಿಲಿ ಮೂತಿ ಹಾಕಿ ಹುಳ ಹುಡುಕಿದ್ದು. ಪಕ್ಕದಲ್ಲಿ ಗಬ್ಬು ವಾಸನೆ ಇರುತ್ತದೆ. ಅದು ಬೇರು ಕಡಿಯುವ ಹುಳ ತಿನ್ನುತ್ತದೆ, ಅದರ ತಂಟೆಗೆ ಹೋಗಬಾರದು. ಹುಲ್ಲಿನ ಕೆಳಗೆ ಹಗ್ಗ ಓಡಿದ ಹಾಗೆ ನೆಲ ಉಬ್ಬಿದ್ದರೆ ಅದು ಪ್ರಾಣಿಯೇ ಅಲ್ಲ, ಮಿಡತೆಯಂಥ ಒಂದು ಹುಳ. ಬಾಯಿ ತೆರೆದ ನಾಲ್ಕಾರು ತೂತು ಹತ್ತಿರ ಹತ್ತಿರ ಇದ್ದು, ನಡುವೆ ಓಡಾಡಿದ ದಾರಿ ಇದ್ದರೆ ಅದು ಹೊಟ್ಟೆ ಬೆಳ್ಳಗಿರುವ ಬಯಲಿನ ಇಲಿ. ಹೊಲದ ಇಲಿಯಾದರೆ ಒಳಗೆ ಹೋದ ಮೇಲೆ ಬಾಗಿಲಿಗೆ ಪುಡಿಮಣ್ಣು ಒತ್ತಿಕೊಂಡು ಕೂಡುತ್ತದೆ, ಹೊರಗಿನಿಂದ ಬರೀ ಗುಡ್ಡೆ ಕಾಣುತ್ತದೆ. ಎಲ್ಲಕ್ಕಿಂತ ದೊಡ್ಡದು ಹೆಗ್ಗಣ. ಮುಷ್ಟಿ ಹೋಗುವಷ್ಟು ಬಾಯಿ, ಹೆಂಟೆ ಹೆಂಟೆಯಾಗಿ ಮಣ್ಣು, ಅದೂ ಒಂದೇ ಮಗ್ಗುಲಿಗೆ ತಳ್ಳಿದ್ದು.

ಬಿಲದಲ್ಲಿ ಯಾರಾದರೂ ಇದ್ದಾರೋ ಇಲ್ಲವೋ ನೋಡಲು ಸಂಜೆ ಎಲ್ಲ ಬಾಯಿಗಳನ್ನೂ ಹಸಿಮಣ್ಣಿನಿಂದ ಮುಚ್ಚುತ್ತಿದ್ದೆವು. ಬೆಳಗ್ಗೆ ತೆರೆದುಕೊಂಡದ್ದಷ್ಟೇ ವಾಸದ ಮನೆ. ಒಂದು ಬಾಯಿ ಬಿಟ್ಟು ಉಳಿದವನ್ನು ಗಟ್ಟಿಯಾಗಿ ಮುಚ್ಚಿ, ತೂತುಗಡಿಗೆಯಲ್ಲಿ ಕುಳ್ಳಿನ ಕೆಂಡದ ಮೇಲೆ ಒಣಮೆಣಸಿನಕಾಯಿ ಹಾಕಿ ಹೊಗೆ ಊದುತ್ತಿದ್ದೆವು. ಹೆಗ್ಗಣಕ್ಕಿಂತ ಮೊದಲು ನಾವೇ ಕೆಮ್ಮಿ ಸಾಯುವ ಹಾಗಾಗುತ್ತಿತ್ತು. ಚಾಚಾ ಕಣ್ಣೊರೆಸಿಕೊಳ್ಳುತ್ತ, "ಅದು ಹೊರಗ ಬರ್ತದೋ ಇಲ್ಲೋ, ನೀ ಮಾತ್ರ ಊರು ಬಿಟ್ಟು ಓಡಿಹೋಗ್ತಿ" ಅಂತ ನಗುತ್ತಿದ್ದರು.

ವಿಷ ಹಾಕುವ ಪದ್ಧತಿಯನ್ನೂ ಹೇಳಿಕೊಟ್ಟರು, ಹಾಕಲು ಮಾತ್ರ ಒಪ್ಪಲಿಲ್ಲ. ಹೆಗ್ಗಣ ಬಲು ಸಂಶಯದ ಪ್ರಾಣಿ. ಹೊಸ ತಿನಿಸು ಕಂಡರೆ ಮೂಸಿ ಬಿಡುತ್ತದೆ. ಅದಕ್ಕೆ ಮೂರು ದಿನ ಶೇಂಗಾ ಎಣ್ಣೆ ಸವರಿದ ಜೋಳದ ನುಚ್ಚು ಬರಿದೇ ಇಡಬೇಕು. ನಂಬಿಕೆ ಕೂತ ಮೇಲೆ ನಾಲ್ಕನೆಯ ದಿನ ಅದೇ ಜಾಗದಲ್ಲಿ, ಅದೇ ನುಚ್ಚಿನಲ್ಲಿ ವಿಷ.

"ಮೂರು ದಿನ ಉಣಿಸಿದ ಕೈಲೆ ನಾಕನೇ ದಿನ ಕೊಲ್ಲೋದು ನನ್ನಿಂದ ಆಗಂಗಿಲ್ಲ ಬೇಟಾ. ಹೊಗಿ ಹಾಕಿ ಹೊರಗ ಹಾಕೋದು ಬ್ಯಾರೆ."

ಕೊನೆಗೆ ಹೇಳಿಕೊಟ್ಟದ್ದು ಮಣ್ಣಿನ ಬಣ್ಣ. ಸೇರಿ ಎರಡು ವರ್ಷವಾದ ಮೇಲೆ ಒಂದು ದಿನ ಹೆಗ್ಗಣದ ಗುಡ್ಡೆಯನ್ನು ಅಂಗೈಯಲ್ಲಿ ಹಿಡಿದು ತೋರಿಸಿದರು. ಕೆಂಪಿನ ನಡುವೆ ಕಪ್ಪು ಹೆಂಟೆಗಳಿದ್ದವು. ಮೇಲಿನ ಒಂದೂವರೆ ಗೇಣು ಮಾತ್ರ ಕೆಂಪು, ಕೆಳಗೆಲ್ಲ ಎರೆ. ಸುಂಡಿಲಿ, ಹುಳ ಮೇಲಿನ ಕೆಂಪಿನಲ್ಲೇ ಆಡುತ್ತವೆ. ಹೆಗ್ಗಣ ಆಳಕ್ಕೆ ಇಳಿಯುತ್ತದೆ, ಕಪ್ಪು ತರದೆ ಅದಕ್ಕೆ ಮನೆ ಕಟ್ಟಲು ಬರುವುದಿಲ್ಲ. ದೂರದಿಂದ ಗುಡ್ಡೆಯ ಬಣ್ಣ ನೋಡಿಯೇ ಅವರು ಹೇಳಿಬಿಡುತ್ತಿದ್ದುದರ ಗುಟ್ಟು ಇದು.

"ಉಳಿದದ್ದು ಯಾರಿಗಿ ಬೇಕಾದ್ರೂ ಕಲಿಸು. ಇದೊಂದು ಹೊಟ್ಯಾಗ ಇಟ್ಕೋ. ಎಲ್ಲಾ ಹೇಳಿಬಿಟ್ಟ ಮಾಲಿಗಿ ಯಾರೂ ಕೆಲಸ ಕೊಡಂಗಿಲ್ಲ."

ಇಟ್ಟುಕೊಂಡೆ.

ಪೊಲೀಸ್ ಆಕ್ಷನ್ ಆಯಿತು, ನಿಜಾಮರ ಆಳ್ವಿಕೆ ಮುಗಿಯಿತು. ಬಂಗಲೆಗೆ ಬೆಳಗಾವಿ ಕಡೆಯ ಹೊಸ ಸಾಹೇಬರು ಬಂದರು. ಕೆಟ್ಟವರಲ್ಲ, ಆದರೆ ಅವಸರದ ಮನುಷ್ಯ. ಹಳೆಯ ನೌಕರರಲ್ಲಿ ಅರ್ಧ ಜನ ಊರು ಬಿಟ್ಟಿದ್ದರು. ಉಳಿದವರಲ್ಲಿ ಯಾರು ಯಾವ ಕಡೆಯವರು ಅಂತ ಬಂಗಲೆಯ ಜಮಾದಾರ ದಿನಾ ಒಂದೊಂದು ಸುದ್ದಿ ತರುತ್ತಿದ್ದ. ಚಾಚಾ ಮುಂಬಾಗಿಲಿನಿಂದ ಬರುವುದನ್ನು ಬಿಟ್ಟು ಹಿಂದಿನ ಕಿರುಬಾಗಿಲಿನಿಂದ ಬರತೊಡಗಿದರು. ಹಾಗೆ ಮಾಡಿ ಅಂತ ಯಾರೂ ಹೇಳಿರಲಿಲ್ಲ. ನಾನೂ ಯಾಕೆ ಅಂತ ಕೇಳಲಿಲ್ಲ.

ಮುಂದಿನ ಮಳೆಗಾಲದಲ್ಲಿ ಹೆಗ್ಗಣ ಬಿದ್ದವು. ಒಂದು ಸಂಜೆ ಹುಲ್ಲಿನ ಮೇಲೆ ಚಹಾ ಕುಡಿಯುತ್ತಿದ್ದ ಅತಿಥಿಯೊಬ್ಬರ ಕುರ್ಚಿಯ ಕಾಲು ಬಿಲದೊಳಗೆ ಇಳಿದು, ಅವರು ಕಪ್ಪು-ಬಸಿ ಸಮೇತ ಮಗುಚಿದರು. ನನಗೆ ನಗು ತಡೆಯಲಾಗದೆ ಗಿಡದ ಹಿಂದೆ ಕೂತೆ. ಸಾಹೇಬರು ನಗಲಿಲ್ಲ. ಮರುದಿನವೇ ವಿಷದ ಡಬ್ಬಿ ತರಿಸಿದರು. ಚಾಚಾ ಕೈಮುಗಿದು, ಸುಂಡಿಲಿಗಳೂ ಬೆಕ್ಕೂ ಸಾಯುತ್ತವೆ, ಹೊಗೆಯಲ್ಲೇ ತೆಗೆಯುತ್ತೇನೆ ಅಂದರು.

"ಆಯ್ತು, ನಿಮ್ಮ ಪದ್ಧತಿನೇ ಮಾಡ್ರಿ" ಅಂದರು ಸಾಹೇಬರು. "ಚಳಿಗಾಲಕ್ಕ ಹೈದರಾಬಾದಿನಿಂದ ದೊಡ್ಡವರು ಬರ್ತಾರ. ಅಷ್ಟರಾಗ ಇಲ್ಲಿ ಒಂದು ಗುಡ್ಡಿ ಕಂಡ್ರೂ ನಿಮ್ಮನ್ನ ಬಿಟ್ಟು ಬ್ಯಾರೆ ಮಾಲಿ ನೋಡ್ಕೋಬೇಕಾಗ್ತದ."

ಇಬ್ಬರೂ ಜೀವ ತೇಯ್ದೆವು. ದೀಪಾವಳಿಯ ಹೊತ್ತಿಗೆ ಎಲ್ಲ ಬಿಲಗಳೂ ತಣ್ಣಗಾದವು. ಮುಚ್ಚಿದ ಬಾಯಿ ಒಂದೂ ತೆರೆಯಲಿಲ್ಲ. ಕರಿಕೆ ಕೂಡಿಕೊಂಡಿತು. ಚಾಚಾ ಬೆಳಗಿನ ಸುತ್ತು ಹಾಕಿ ಏನೂ ಹೇಳದೆ ಹಿಂದಿರುಗಿದ ದಿನಗಳು ಅವು. ಅದಕ್ಕಿಂತ ದೊಡ್ಡ ಹೊಗಳಿಕೆ ನಮಗೆ ಬೇಕಿರಲಿಲ್ಲ.

ಇಲ್ಲಿ ನನ್ನ ಅಣ್ಣ ಬರುತ್ತಾನೆ. ನನಗಿಂತ ಎಂಟು ವರ್ಷ ದೊಡ್ಡವನು. ಅಪ್ಪ ಸತ್ತ ಮೇಲೆ ಮನೆಯ ಯಜಮಾನ. ಕಮಲಾಪುರದ ಕೆಂಪು ಬಾಳೆಹಣ್ಣನ್ನು ವಾರಕ್ಕೊಮ್ಮೆ ಬಂಡಿಯಲ್ಲಿ ಕಲಬುರಗಿಯ ಶಹಾಬಜಾರಕ್ಕೆ ತರುತ್ತಿದ್ದ. ತಂದರೂ ನನ್ನನ್ನು ನೋಡಲು ಬರುತ್ತಿರಲಿಲ್ಲ. ಹುಲ್ಲು ಕಾಯುವವನು ಅಂತ ನಾಲ್ಕು ಜನರೆದುರು ಹಂಗಿಸುತ್ತಿದ್ದ. ಅಂಥವನು ಆ ಚಳಿಗಾಲದಲ್ಲಿ ಒಮ್ಮೆ ತಾನಾಗಿಯೇ ಬಂಗಲೆಯ ಹಿಂದಿನ ನನ್ನ ಕೋಣೆಗೆ ಬಂದ. ಕೈಯಲ್ಲಿ ಒಂದು ಚಿಪ್ಪು ಹಣ್ಣು, ಬಟ್ಟೆಯಲ್ಲಿ ಕಟ್ಟಿದ ರೊಟ್ಟಿ, ಅತ್ತಿಗೆ ಕಳಿಸಿದ ಪುಂಡಿಪಲ್ಯ.

"ಬಜಾರದಾಗ ಮಲಗೋದು ಚಳಿ ಆಗ್ತದೋ ತಮ್ಮಾ. ಇನ್ಮ್ಯಾಲ ನಿನ್ನ ಹಂತ್ಯಾಕ ಬರ್ತೀನಿ."

ಆ ಮಾತಿಗೆ ನಾನು ಎಷ್ಟು ಹಿಗ್ಗಿದೆನೆಂದರೆ ಈಗ ನೆನೆದರೆ ನನ್ನ ಮೇಲೆ ನನಗೇ ಅಸಹ್ಯ. ಅವನು ಬಂದ ಮೂರು ವಾರವೂ ನಾನು ಬಾಯಿ ಮುಚ್ಚಲಿಲ್ಲ. ನನ್ನ ಕೆಲಸದ ಬಗ್ಗೆ ಅವನು ಕೇಳಿದ್ದು ಅದೇ ಮೊದಲು. ಅಂಗಳ ತೋರಿಸಿದೆ. ಯಾವ ಬಾಯಿ ಯಾವ ಪ್ರಾಣಿಯದು, ಹೆಗ್ಗಣ ಮಣ್ಣನ್ನು ಯಾವ ಮಗ್ಗುಲಿಗೆ ತಳ್ಳುತ್ತದೆ, ಹೆಂಟೆ ಎಷ್ಟು ದಪ್ಪ, ಎಲ್ಲ ಹೇಳಿದೆ. ಸಾಹೇಬರು ಹಾಕಿದ ಷರತ್ತನ್ನೂ ಹೇಳಿದೆ. ಚಾಚಾ ಹೋದರೆ ಅವರ ಜಾಗ ನನಗೆ ಬರುತ್ತದೆ, ನನ್ನ ಜಾಗ ಖಾಲಿಯಾಗುತ್ತದೆ ಅನ್ನುವುದನ್ನು ನಾನು ಹೇಳಲಿಲ್ಲ, ಅವನೇ ಹಣ್ಣು ಸುಲಿಯುತ್ತ ಹಾಗೇ ಕೇಳಿದ. ಹೌದು ಅಂದೆ. ಮಣ್ಣಿನ ಬಣ್ಣದ ಮಾತು ಒಂದನ್ನು ಬಿಟ್ಟು ನನ್ನ ಹೊಟ್ಟೆಯಲ್ಲಿ ಇನ್ನೇನೂ ಉಳಿಯಲಿಲ್ಲ.

ನಾಲ್ಕನೆಯ ವಾರ ಅವನು ಬಂದು ಮಲಗಿದ. ನಾನು ಎದ್ದಾಗ ಅವನ ಹಾಸಿಗೆ ಮಡಿಚಿತ್ತು, ಬಂಡಿ ಹೋಗಿತ್ತು. ದೂರದ ದಾರಿ, ಕೋಳಿ ಕೂಗುವಾಗಲೇ ಹೊಡೆದಿರಬೇಕು ಅಂದುಕೊಂಡೆ. ಹೊರಗೆ ಬಂದು ಅಂಗಳ ನೋಡಿದೆ. ಹುಲ್ಲಿನ ತುಂಬ ಹನ್ನೊಂದು ಗುಡ್ಡೆ. ಮುಷ್ಟಿ ಹೋಗುವಷ್ಟು ಬಾಯಿ, ದಪ್ಪ ಹೆಂಟೆ, ಮಣ್ಣೆಲ್ಲ ಒಂದೇ ಮಗ್ಗುಲಿಗೆ. ಹೈದರಾಬಾದಿನವರು ಬರಲು ಎರಡು ದಿನ ಉಳಿದಿತ್ತು.

ಚಾಚಾ ಆಗಲೇ ಬಂದು ನಡುವೆ ನಿಂತಿದ್ದರು, ಬರಿಗಾಲಲ್ಲಿ. ನಾನು ಹತ್ತಿರ ಹೋದೆ. ಹನ್ನೊಂದೂ ಗುಡ್ಡೆ ಅಚ್ಚ ಕೆಂಪು. ಒಂದು ಕಾಳಿನಷ್ಟೂ ಕಪ್ಪು ಇರಲಿಲ್ಲ.

ಆ ಕ್ಷಣ ನನಗೆ ಎಲ್ಲ ಹೊಳೆಯಿತು. ನಮ್ಮೂರ ತೋಟದಲ್ಲಿ ಆಳೆತ್ತರ ಅಗೆದರೂ ಬರುವುದು ಕೆಂಪೇ. ಬೆಳಗಾಗುವ ಅವಸರದಲ್ಲಿ ಒಂದು ಗೇಣು ಅಗೆದು, ಬಾಯಿ ದುಂಡಗೆ ಮಾಡಿ, ಇಷ್ಟು ಸಾಕು ಅಂತ ಎದ್ದು ಹೋಗುವವನು ಕಮಲಾಪುರದವನೇ ಆಗಿರಬೇಕು. ಮಣ್ಣಿನಲ್ಲಿ ಕಪ್ಪು ಇರಬೇಕಿತ್ತು ಅನ್ನುವುದು ಅವನ ತಲೆಗೆ ಬರುವ ಮಾತೇ ಅಲ್ಲ. ಹಿಂದಿರುಗಿ ನನ್ನ ಕೋಣೆಯ ಕಡೆ ನೋಡಿದೆ. ಬಾಗಿಲ ಪಕ್ಕದಲ್ಲಿ ನನ್ನ ಸಲಿಕೆ ತೊಳೆದು ಒರಗಿಸಿಟ್ಟಿತ್ತು. ನಾನು ಯಾವತ್ತೂ ಸಲಿಕೆ ತೊಳೆದವನಲ್ಲ, ಅದಕ್ಕಾಗಿ ಚಾಚಾನಿಂದ ಬೈಸಿಕೊಳ್ಳುತ್ತಲೇ ಇದ್ದವನು. ಚಾಚಾ ಕೂಡ ಅದನ್ನೇ ನೋಡುತ್ತಿದ್ದರು.

ಅವರು ಒಂದು ಹೆಂಟೆ ಎತ್ತಿ ಪುಡಿ ಮಾಡಿದರು. ದನಿ ಏರಿಸಲಿಲ್ಲ.

"ನೀ ಮಾಡಿಲ್ಲ. ನೀ ಮಾಡಿದ್ರ ಕರಿ ಮಣ್ಣು ಹಾಕೇ ಹಾಕ್ತಿದ್ದಿ. ಆದ್ರ ಕಲಿಸಿದಾವ ನೀನೇ. ಎಲ್ಲಾ ಕಲಿಸಿ, ಇದೊಂದು ಇಟ್ಕೊಂಡಿ."

ಪುಡಿಯನ್ನು ಕೆಳಗೆ ಉದುರಿಸಿ ನನ್ನ ಕಡೆ ತಿರುಗಿದರು.

"ಯಾರು ಬೇಟಾ?"

ಹೇಳಬೇಕಿತ್ತು. ಇಷ್ಟು ವರ್ಷವಾದರೂ ಆ ಜಾಗದಲ್ಲಿ ನಿಂತು ಹೇಳುತ್ತೇನೆ ನಾನು, ಮನಸ್ಸಿನಲ್ಲಿ. ನಮ್ಮ ಅಣ್ಣ ಚಾಚಾ, ನನ್ನ ಸ್ವಂತ ಅಣ್ಣ, ರೊಟ್ಟಿ ತಂದುಕೊಟ್ಟು ಮೋಸ ಮಾಡಿದ. ಆದರೆ ಅವತ್ತು ನನ್ನ ನಾಲಿಗೆ ಏಳಲಿಲ್ಲ. ಅಣ್ಣ ಜೈಲಿಗೆ ಹೋದರೆ ಅವ್ವನ ಮುಂದೆ ಹೇಗೆ ನಿಲ್ಲಲಿ ಅನ್ನುವುದು ಒಂದು. ತೊಳೆದ ಸಲಿಕೆ ನನ್ನದು, ಕೋಣೆ ನನ್ನದು, ನನ್ನನ್ನೂ ಹಿಡಿಯುತ್ತಾರೆ ಅನ್ನುವ ಹೆದರಿಕೆ ಇನ್ನೊಂದು. ಯಾವುದು ಹೆಚ್ಚಿತ್ತು ಅಂತ ಸುಳ್ಳು ಹೇಳುವುದಿಲ್ಲ. ಹೆದರಿಕೆಯೇ ಹೆಚ್ಚಿತ್ತು.

ಅಷ್ಟರಲ್ಲಿ ಸಾಹೇಬರು ಜಮಾದಾರನ ಜೊತೆ ಮೆಟ್ಟಿಲಿಳಿದು ಬಂದರು. ಗುಡ್ಡೆಗಳನ್ನು ನೋಡಿ ಮುಖ ಕೆಂಪಾಯಿತು.

"ಏನಿದು?"

ಜಮಾದಾರ ಬಗ್ಗಿ, "ಇದು ಪ್ರಾಣಿ ತೋಡಿದಂಗ ಕಾಣಂಗಿಲ್ರೀ ಸಾಹೇಬ್ರ. ಒಳಗ ಏನರೆ ಹೂತಿಟ್ಟಾರೋ ಏನೋ, ಪೂರಾ ಅಗಿಸಿ ನೋಡಬೇಕ್ರೀ" ಅಂದ.

ಅದು ಎಂಥ ಮಾತು ಅಂತ ಆ ವರ್ಷಗಳನ್ನು ಕಂಡವರಿಗೆ ಗೊತ್ತು. ಮನುಷ್ಯ ತೋಡಿದ್ದು ಅಂತಾದರೆ ಪೊಲೀಸರು ಬರುತ್ತಾರೆ, ಹೂತಿಟ್ಟ ಆಯುಧ ಹುಡುಕುತ್ತಾರೆ. ಮೊದಲು ಹಿಡಿಯುವುದು ಗಾಜಿಪುರದ ಮುದುಕನನ್ನು, ಆಮೇಲೆ ಸಲಿಕೆ ಯಾರದು ಅಂತ ನನ್ನನ್ನು. ಚಾಚಾ ನನ್ನ ಮುಖ ನೋಡಿದರು. ನಾನು ಬಾಯಿ ತೆರೆಯಲಿ ಅಂತ ಕಾದರು. ನಾನು ಹುಲ್ಲು ನೋಡುತ್ತಿದ್ದೆ.

"ಹೆಗ್ಗಣ ಸಾಹೇಬ್" ಅಂದರು ಚಾಚಾ. "ಬಾಯಿ ನೋಡ್ರಿ, ಹೆಂಟಿ ನೋಡ್ರಿ. ಹೆಗ್ಗಣಾನೇ. ನನ್ನ ಹೊಗಿ ಸಾಕಾಗಿಲ್ಲ."

ನಲವತ್ತು ವರ್ಷದಲ್ಲಿ ಒಂದು ಬಿಲಕ್ಕೂ ತಪ್ಪು ಹೆಸರಿಡದ ಮನುಷ್ಯ ಅದನ್ನು ಹೇಳಿದರು, ಅದೂ ತನ್ನ ಕೆಲಸ ಹೋಗುವ ಮಾತು ಅಂತ ಗೊತ್ತಿದ್ದೂ. ಸಾಹೇಬರು ಅಂದ ಮಾತಿನ ಪ್ರಕಾರ ನಡೆದುಕೊಂಡರು. ಚಾಚಾ ಕೈತೋಟದ ಬೀಗದ ಕೈಗಳನ್ನು ಜಮಾದಾರನಿಗೆ ಕೊಟ್ಟು, ನಲ್ಲಿಯಲ್ಲಿ ಕೈಕಾಲು ತೊಳೆದು, ಚಪ್ಪಲಿ ಮೆಟ್ಟಿದರು. ಹೋಗುವಾಗ ಕಿರುಬಾಗಿಲಿನ ಕಡೆ ತಿರುಗಲಿಲ್ಲ. ಅಂಗಳದ ನಡುವಿನಿಂದ ಹಾಯ್ದು ಮುಂಬಾಗಿಲಿನಿಂದ ಹೋದರು.

ಎರಡು ದಿನ ಒಬ್ಬನೇ ಆ ಹನ್ನೊಂದು ತೂತು ಮುಚ್ಚಿ, ಬೇರೆ ಕಡೆಯಿಂದ ಹುಲ್ಲು ಕಿತ್ತು ಹಚ್ಚಿದೆ. ದೊಡ್ಡವರು ಬಂದರು, ಚಹಾ ಕುಡಿದರು, ಹೋದರು. ಅವರು ಕೆಳಗೆ ನೋಡಿದ್ದನ್ನೇ ನಾನು ಕಾಣಲಿಲ್ಲ. ಮೊದಲನೆಯ ಮಾಲಿ ನಾನಾದೆ.

ಮುಂದಿನ ವಾರ ಅಣ್ಣ ಬಂಗಲೆಗೆ ಬರಲಿಲ್ಲ. ನಾನೇ ಕಮಲಾಪುರಕ್ಕೆ ಹೋದೆ. ತೋಟದಲ್ಲಿ ಗೊನೆ ಇಳಿಸುತ್ತಿದ್ದ. ಬೈಯಲು ಎಷ್ಟೋ ಮಾತು ಕಟ್ಟಿಕೊಂಡು ಹೋಗಿದ್ದೆ, ಅವನ ಎದುರು ನಿಂತಾಗ ಬಂದದ್ದು ಒಂದೇ. "ಯಾಕ ಮಾಡಿದೆಣ್ಣಾ?"

ಅವನು ಅಲ್ಲಗಳೆಯಲೂ ಇಲ್ಲ.

"ನಿನ್ನ ಸಲುವಾಗೇ ಮಾಡೀನಿ. ಆ ಮಣ್ಣು ಯಾರ್ದು? ನಮ್ಮಪ್ಪ ಬಿಟ್ಟಿ ಹೊತ್ತು ಹಾಕಿದ್ದು. ಅದರ ಮ್ಯಾಲ ಅವ್ರು ಇಷ್ಟು ವರ್ಷ ಉಂಡ್ರು. ಈಗ ನಾವು ಉಣ್ಣೋದ್ರಾಗ ತಪ್ಪೇನದ? ಎರಡನೇ ಮಾಲಿ ಜಾಗಕ್ಕ ನನ್ನ ಹೆಸರು ಹೇಳು."

ಮಣ್ಣು ಹೊರಿಸಿದವನು ಬೇರೆ, ಅದರ ಮೇಲೆ ಕುರ್ಚಿ ಹಾಕಿ ಕೂತವರು ಬೇರೆ, ಮುದುಕ ನಮ್ಮ ಹಾಗೇ ಮಣ್ಣು ತುಳಿದವನು ಅಂತ ಹೇಳಲು ಹೋದೆ. ಅವನು ಕೇಳುವ ಸ್ಥಿತಿಯಲ್ಲಿರಲಿಲ್ಲ. ನನ್ನ ಮುಖ ನೋಡಿ ಅವನಿಗೆ ಬೇರೆ ಏನೋ ಅನುಮಾನ ಬಂತು. ಕುಡುಗೋಲು ಕೆಳಗಿಟ್ಟು ಹತ್ತಿರ ಬಂದ.

"ಗುರ್ತು ಹಿಡಿದ್ನೇನು ಮುದುಕ? ಹ್ಯಾಂಗ ಹಿಡಿದ? ನೀ ಹೇಳಿದಂಗೇ ಮಾಡಿದ್ನಲ್ಲೋ. ಎಲ್ಲಿ ತಪ್ಪೀನಿ?"

ಅವನ ದನಿಯಲ್ಲಿ ನಾಚಿಕೆ ಇರಲಿಲ್ಲ, ಕೆಲಸ ಸರಿ ಬರಲಿಲ್ಲವಲ್ಲ ಅನ್ನುವ ಕುತೂಹಲವಿತ್ತು. ಮಣ್ಣಿನ ಬಣ್ಣದ ಮಾತು ಹೇಳದೆ ತಿರುಗಿ ನಡೆದೆ. ಅವನ ಹೆಸರನ್ನೂ ಎಲ್ಲೂ ಹೇಳಲಿಲ್ಲ. ಮುಂದೆ ಹತ್ತಾರು ಮದುವೆ ಮುಂಜಿಗಳಲ್ಲಿ ಒಂದೇ ಪಂಕ್ತಿಯಲ್ಲಿ ಕೂತು ಉಂಡೆವು, ಅವನು ಕೈಯಾರೆ ಬಡಿಸಿದ್ದನ್ನು ಮಾತ್ರ ನಾನು ಮುಟ್ಟಲಿಲ್ಲ. ಅವ್ವ ಅದನ್ನು ಗಮನಿಸಿ ಕಾರಣ ಕೇಳುತ್ತಿದ್ದಳು. ಹಸಿವಿಲ್ಲ ಅನ್ನುತ್ತಿದ್ದೆ.

ಯುಗಾದಿ ಕಳೆದ ಮೇಲೆ ಧೈರ್ಯ ಮಾಡಿ ಗಾಜಿಪುರಕ್ಕೆ ಹೋದೆ. ಅಷ್ಟು ದಿನ ಯಾಕೆ ತಡ ಮಾಡಿದೆ ಅಂದರೆ ಹೇಳಲು ನನ್ನಲ್ಲಿ ಏನೂ ಇಲ್ಲ. ಚಾಚಾ ಮನೆಯ ಹಿಂದಿನ ಸಣ್ಣ ಅಂಗಳದಲ್ಲಿ ಪುದೀನದ ಮಡಿಗೆ ನೀರು ಹಾಕುತ್ತಿದ್ದರು. ತೆಳ್ಳಗಾಗಿದ್ದರು. "ಬಾ" ಅಂದರು, ಚಾಪೆ ತೋರಿಸಿದರು. ಚಾಚಿ ಚಹಾ ತಂದುಕೊಟ್ಟು, ನಿಮ್ಮ ಅವ್ವ ಆರಾಮ ಇದ್ದಾಳೇನು ಅಂತ ಕೇಳಿ ಒಳಗೆ ಹೋದರು. ಬಂಗಲೆಯ ಮಾತು ಯಾರೂ ಎತ್ತಲಿಲ್ಲ. ಬಿಸಿಲಿನ ಮಾತಾಯಿತು, ನೀರಿನ ಮಾತಾಯಿತು. ಅಣ್ಣನ ಹೆಸರನ್ನು ಅವತ್ತೂ ನಾನು ಹೇಳಲಿಲ್ಲ.

ಪುದೀನದ ಮಡಿಯ ಅಂಚಿನಲ್ಲಿ ಸಣ್ಣ ಗುಳಿಗಳಿದ್ದವು. ಕಿರುಬೆರಳಿನಷ್ಟು, ಮೇಲೆ ಅಗಲ, ಕೆಳಗೆ ಚೂಪು. ಆ ಗಬ್ಬು ವಾಸನೆಯೂ ಇತ್ತು. ಮಾತು ಹೇಗಾದರೂ ಶುರುವಾಗಲಿ, ಹಳೆಯ ಹಾಗೆ ಒಮ್ಮೆ ಬೈಯಲಿ ಅನ್ನುವ ಆಸೆಗೆ ನಾನು ಬಗ್ಗಿ ಬೆರಳು ಮಾಡಿ, "ಇದು ಯಾವುದರದು ಚಾಚಾ?" ಅಂದೆ.

ಅವರು ನೀರಿನ ಕೊಡ ಕೆಳಗಿಟ್ಟು ಗುಳಿಗಳನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ಗೊತ್ತಿಲ್ರೀ" ಅಂದರು. "ನನಗ ಈಗ ಗುರ್ತು ಸಿಗಂಗಿಲ್ಲ."

ಅಷ್ಟು ವರ್ಷದಲ್ಲಿ ಅವರು ನನಗೆ ಬಹುವಚನ ಹಚ್ಚಿದ್ದು ಅದೊಂದೇ ಸಲ. ಚಹಾ ಕುಡಿದು ಮುಗಿಸಿ, ಬಸಿಯನ್ನು ಚಾಪೆಯ ಮೇಲಿಟ್ಟು ಎದ್ದು ಬಂದೆ.